ಸೇತುವೆಯಡಿಯ ಕೆಸರುಗೂಡುಗಳು: ಪೆಟ್ರೋಕೆಲಿಡಾನ್ ಕವಲುತೋಕೆಗಳನ್ನು ಅರಿಯುವ ಬಗೆ

ಹೊಳೆಯ ಸೇತುವೆಯಡಿ ನಿಂತು ತಲೆಯೆತ್ತಿದರೆ, ಕಾಂಕ್ರೀಟ್ ತೊಲೆಯೂ ಚಾವಣಿಯೂ ಕೂಡುವ ಮೂಲೆಯಲ್ಲಿ ಹತ್ತಾರು ಕೆಸರುಗೂಡುಗಳು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿರುವುದು ಕೆಲವೆಡೆ ಕಾಣುತ್ತದೆ. ಒಂದೊಂದು ಗೂಡಿಗೂ ಕೆಳಮುಖವಾದ ಚಿಕ್ಕ ಬಾಯಿ. ಹೊಳಪು ನೀಲಿ ಬೆನ್ನಿನ ಪುಟ್ಟ ಹಕ್ಕಿಗಳು ಆ ಬಾಯಿಗಳಿಂದ ಹೊರಬಂದು, ನೀರಿನ ಮೇಲೆ ಸುತ್ತು ಹಾಕಿ, ಮತ್ತೆ ಒಳಹೋಗುತ್ತಿರುತ್ತವೆ. ಕರ್ನಾಟಕದಲ್ಲಿ ಇಂಥ ನೋಟ ಸಿಕ್ಕರೆ ಅದು ಗೆರೆಗೊರಳಿನ ಕವಲುತೋಕೆಯದು. ಹಕ್ಕಿ ನೋಡುವವರು ಸ್ಟ್ರೀಕ್-ಥ್ರೋಟೆಡ್ ಸ್ವಾಲೋ ಎನ್ನುವ ಈ ಹಕ್ಕಿ ಪೆಟ್ರೋಕೆಲಿಡಾನ್ ಎಂಬ ಕುಲಕ್ಕೆ ಸೇರಿದ್ದು. ಇದೇ ಕುಲದ ಇನ್ನೊಂದು ಹಕ್ಕಿ, ಅಮೆರಿಕದ ಕ್ಲಿಫ್ ಸ್ವಾಲೋ, ಗುಂಪಾಗಿ ಬಾಳುವ ಹಕ್ಕಿಗಳ ಪೈಕಿ ಜಗತ್ತಿನಲ್ಲೇ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದವುಗಳಲ್ಲಿ ಒಂದು.

ಈ ಕುಲದ ಹೆಚ್ಚಿನ ಹಕ್ಕಿಗಳ ಬದುಕಿಗೆಲ್ಲ ಮೂಲ ಒಂದೇ ಸಂಗತಿ: ನೆರೆಯವರ ಗೋಡೆಗೆ ಗೋಡೆ ಸೇರಿಸಿ ಗೂಡು ಕಟ್ಟುವುದು. ಅವುಗಳಿಗೆ ಆಹಾರ ಸಿಗುವ ಬಗೆ, ತಗಲುವ ಪಿಡುಗು, ಮರಿಯ ದನಿ ಕೂಡ ಈ ಗೋಡೆಯ ಸಂಬಂಧದಿಂದಲೇ ಅರ್ಥವಾಗುತ್ತದೆ.

ಕುಟುಂಬದಲ್ಲಿ ಇವುಗಳ ಜಾಗ

ಕವಲುತೋಕೆಗಳ ಕುಟುಂಬದ ಹೆಸರು ಹಿರುಂಡಿನಿಡೇ. ಸುಮಾರು 90 ಪ್ರಭೇದಗಳಿರುವ ಈ ಕುಟುಂಬದ ಹಕ್ಕಿಗಳೆಲ್ಲ ಹಾರುತ್ತಲೇ ಕೀಟ ಹಿಡಿದು ತಿನ್ನುವಂಥವು. ಮೈಕಟ್ಟು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ: ಉದ್ದ ಚೂಪು ರೆಕ್ಕೆ, ಗಿಡ್ಡ ಕಾಲು, ಅಗಲವಾಗಿ ತೆರೆಯುವ ಪುಟ್ಟ ಕೊಕ್ಕು. ಆದ್ದರಿಂದ ಬರೀ ಮೈಕಟ್ಟು ನೋಡಿ ಇವುಗಳ ನಂಟಸ್ತಿಕೆ ಹೇಳುವುದು ಕಷ್ಟ. ಹಳೆಯ ಪುಸ್ತಕಗಳಲ್ಲಿ ಹಲವು ಕುಲಗಳನ್ನು ಹಿರುಂಡೋ ಎಂಬ ಒಂದೇ ಹೆಸರಿನಡಿ ಸೇರಿಸಿದ್ದು ಇದೇ ಕಾರಣಕ್ಕೆ. ಸಲೀಂ ಅಲಿಯವರ ಪುಸ್ತಕಗಳಲ್ಲಿ ನಮ್ಮ ಗೆರೆಗೊರಳಿನ ಹಕ್ಕಿ ಹಿರುಂಡೋ ಫ್ಲುವಿಕೋಲಾ. ಈಗಿನ ಪಟ್ಟಿಗಳಲ್ಲಿ ಪೆಟ್ರೋಕೆಲಿಡಾನ್ ಫ್ಲುವಿಕೋಲಾ. ಹಕ್ಕಿ ಅದೇ.

ನಂಟಸ್ತಿಕೆಯನ್ನು ಬಿಡಿಸಿ ತೋರಿಸಿದ್ದು ಡಿಎನ್‌ಎ ಮತ್ತು ಗೂಡು. ಡೇವಿಡ್ ವಿಂಕ್ಲರ್ ಮತ್ತು ಫ್ರೆಡರಿಕ್ ಶೆಲ್ಡನ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕವಲುತೋಕೆಗಳ ಡಿಎನ್‌ಎಯನ್ನು ಗೂಡಿನ ಬಗೆಯೊಂದಿಗೆ ಹೊಂದಿಸಿ ನೋಡಿದರು. ಈ ಕುಟುಂಬದಲ್ಲಿ ಮೂರು ಬಗೆಯ ಗೂಡುಗಾರರಿದ್ದಾರೆ. ಕೆಲವು ಮಣ್ಣಿನ ದಂಡೆಯಲ್ಲಿ ಬಿಲ ಕೊರೆಯುತ್ತವೆ. ಕೆಲವು ಮರದ ಪೊಟರೆಯಂಥ ಸಿದ್ಧ ಜಾಗವನ್ನು ಬಳಸಿಕೊಳ್ಳುತ್ತವೆ. ಉಳಿದವು ಕೆಸರಿನಿಂದ ಕಟ್ಟುತ್ತವೆ. ಕೆಸರಿನ ಕಟ್ಟಡ ಈ ಕುಟುಂಬದಲ್ಲಿ ಒಂದೇ ಸಲ ಹುಟ್ಟಿತು, ಆಮೇಲೆ ಹಂತಹಂತವಾಗಿ ಬೆಳೆಯಿತು ಎಂಬುದು ಅವರು ಕಂಡದ್ದು. ಮೊದಲು ಗೋಡೆಗೆ ಅಂಟಿದ ತೆರೆದ ಬಟ್ಟಲು. ಬಳಿಕ ಮೇಲೆ ಮುಚ್ಚಿದ ಬಟ್ಟಲು. ಕೊನೆಗೆ ಕೊಳವೆಬಾಯಿಯಿರುವ, ಹೂಜಿಯಂತೆ ಪೂರ್ತಿ ಮುಚ್ಚಿದ ಗೂಡು. ಬಾರ್ನ್ ಸ್ವಾಲೋ, ತಂತಿಬಾಲದ ಕವಲುತೋಕೆ ಮೊದಲ ಹಂತದಲ್ಲಿವೆ. ಪೆಟ್ರೋಕೆಲಿಡಾನ್ ಮತ್ತು ಕೆಂಪುಸೊಂಟದ ಕವಲುತೋಕೆಯ ಸೆಕ್ರೋಪಿಸ್ ಕುಲ ಕೊನೆಯ ಹಂತದಲ್ಲಿವೆ.

ಮುಚ್ಚಿದ ಗೂಡು ಬಂದದ್ದರಿಂದಲೇ ಗುಂಪುಬಾಳು ಸಾಧ್ಯವಾಯಿತು ಎನ್ನಲು ಒಳ್ಳೆಯ ಕಾರಣವಿದೆ. ತೆರೆದ ಬಟ್ಟಲಾದರೆ ಪಕ್ಕದ ಹಕ್ಕಿ ಮೊಟ್ಟೆಯ ಮೇಲೆ ಕೈಹಾಕುವುದು, ಗಂಡುಗಳು ನುಗ್ಗುವುದು ಸುಲಭ. ಬಾಯಿ ಕಿರಿದಾದರೆ ಒಂದೇ ಹಕ್ಕಿ ಕೂತು ಕಾಯಬಹುದು. ಆಗ ನೆರೆಮನೆ ಒಂದು ಗೇಣು ದೂರದಲ್ಲಿದ್ದರೂ ತೊಂದರೆ ಕಡಿಮೆ.

ಕುಲದ ಸದಸ್ಯರು

ಈಗಿನ ಎಣಿಕೆಯಲ್ಲಿ ಈ ಕುಲದಲ್ಲಿ 10 ಪ್ರಭೇದಗಳು. ಅಮೆರಿಕ ಖಂಡಗಳಲ್ಲಿ ಮೂರು: ಅಲಾಸ್ಕದಿಂದ ಮೆಕ್ಸಿಕೋವರೆಗೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣ ಅಮೆರಿಕಕ್ಕೆ ಹೋಗುವ ಕ್ಲಿಫ್ ಸ್ವಾಲೋ, ಕೇವ್ ಸ್ವಾಲೋ, ಮತ್ತು ಪೆರು-ಎಕ್ವಡಾರ್ ಕಡೆಯ ಚೆಸ್ಟ್‌ನಟ್-ಕಾಲರ್ಡ್ ಸ್ವಾಲೋ. ಆಸ್ಟ್ರೇಲಿಯಾದಲ್ಲಿ ಎರಡು: ಫೇರಿ ಮಾರ್ಟಿನ್, ಟ್ರೀ ಮಾರ್ಟಿನ್. ಹೆಸರಿನಲ್ಲಿ ಮಾರ್ಟಿನ್ ಇದೆಯೋ ಸ್ವಾಲೋ ಇದೆಯೋ ಎಂಬುದಕ್ಕೆ ಜೀವವಿಜ್ಞಾನದಲ್ಲಿ ಯಾವ ಬೆಲೆಯೂ ಇಲ್ಲ, ಎರಡೂ ಕವಲುತೋಕೆಗಳೇ. ಆಫ್ರಿಕಾದಲ್ಲಿ ದಕ್ಷಿಣ ಆಫ್ರಿಕಾದ ಕ್ಲಿಫ್ ಸ್ವಾಲೋ, ಪಶ್ಚಿಮ ಆಫ್ರಿಕಾದ ಪ್ರಾಯ್ಸ್‌ನ ಸ್ವಾಲೋ, ಅಂಗೋಲ-ಕಾಂಗೋ-ಜಾಂಬಿಯಾ ಭಾಗದ ಕೆಂಗೊರಳಿನ ಸ್ವಾಲೋ. ಭಾರತ ಉಪಖಂಡಕ್ಕೆ ನಮ್ಮ ಗೆರೆಗೊರಳಿನದು ಒಂದೇ.

ಹತ್ತನೆಯದರ ಕತೆ ಬೇರೆ. 1984ರ ಮೇ ತಿಂಗಳಲ್ಲಿ ಸುಡಾನಿನ ಪೋರ್ಟ್ ಸುಡಾನ್ ಬಳಿಯ ಸಂಗನೇಬ್ ದೀಪಸ್ತಂಭದಲ್ಲಿ ಒಂದು ಸತ್ತ ಹಕ್ಕಿ ಸಿಕ್ಕಿತು. ಅದು ಗೊತ್ತಿದ್ದ ಯಾವ ಪ್ರಭೇದಕ್ಕೂ ಹೊಂದಲಿಲ್ಲ. ಮರುವರ್ಷ ಅದಕ್ಕೆ ಪೆಟ್ರೋಕೆಲಿಡಾನ್ ಪೆರ್ಡಿಟಾ ಎಂದು ಹೆಸರಿಟ್ಟರು. ಈ ಪ್ರಭೇದಕ್ಕೆ ಇಂದಿಗೂ ಆ ಒಂದು ಮಾದರಿಯೇ ಆಧಾರ. ಅದು ಎಲ್ಲಿ ಗೂಡು ಕಟ್ಟುತ್ತದೆ ಎಂಬುದು ಪತ್ತೆಯಾಗಿಲ್ಲ. ಇಥಿಯೋಪಿಯಾದಲ್ಲಿ ಗುರುತು ಸಿಗದ ಕ್ಲಿಫ್ ಸ್ವಾಲೋಗಳು ಕಂಡ ವರದಿಗಳಿವೆ; ಅವು ಇದೇ ಹಕ್ಕಿಯೋ ಅಲ್ಲವೋ ಇತ್ಯರ್ಥವಾಗಿಲ್ಲ. ರಸ್ತೆಬದಿಯ ಮೋರಿಗಳಲ್ಲಿ ನೂರುಗಟ್ಟಲೆ ಸಿಗುವ ಹಕ್ಕಿಗಳ ಕುಲದಲ್ಲೇ ಒಂದು ಹೀಗೆ ಕಣ್ಣಿಗೆ ಬೀಳದೆ ಉಳಿದಿದೆ.

ಕ್ಯಾಮರೂನ್ ಕಡೆಯ ಫಾರೆಸ್ಟ್ ಸ್ವಾಲೋ ಹಿಂದೆ ಇದೇ ಕುಲದಲ್ಲಿತ್ತು. ಡಿಎನ್‌ಎ ನೋಡಿದ ಮೇಲೆ ಅದನ್ನು ಬೇರೆ ಕುಲಕ್ಕೆ ಕಳಿಸಿದ್ದಾರೆ. ಹಳೆಯ ಪಟ್ಟಿಯಲ್ಲಿ 11 ಎಂದಿದ್ದರೆ ಕಾರಣ ಅದು.

ಕುಲದಲ್ಲಿ ಎಲ್ಲವೂ ಹೂಜಿಗೂಡು ಕಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು. ಟ್ರೀ ಮಾರ್ಟಿನ್ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ, ಬಾಯಿ ದೊಡ್ಡದಾದರೆ ಮಾತ್ರ ಕೆಸರು ಮೆತ್ತಿ ಕಿರಿದು ಮಾಡುತ್ತದೆ. ಕೇವ್ ಸ್ವಾಲೋ ಸಾಮಾನ್ಯವಾಗಿ ತೆರೆದ ಬಟ್ಟಲನ್ನೇ ಕಟ್ಟುತ್ತದೆ. ಗುಹೆಯೊಳಗಿನ ಕತ್ತಲೆಯಲ್ಲಿ, ಮಳೆ ಬೀಳದ ಜಾಗದಲ್ಲಿ, ಮುಚ್ಚಳಕ್ಕೆ ಅಷ್ಟು ಶ್ರಮ ಬೇಕಾಗದಿರಬಹುದು. ಹೂಜಿಗೂಡಿನಲ್ಲಿ ಎಲ್ಲರನ್ನೂ ಮೀರಿಸುವುದು ಆಸ್ಟ್ರೇಲಿಯಾದ ಫೇರಿ ಮಾರ್ಟಿನ್: ಸುಮಾರು 11 ಗ್ರಾಮ್ ತೂಕದ ಈ ಹಕ್ಕಿಯ ಗೂಡಿನ ಕೊಳವೆ ಕೆಲವೊಮ್ಮೆ 30 ಸೆಂಟಿಮೀಟರ್ ಮುಟ್ಟುತ್ತದೆ.

ಒಂದು ಗೂಡು, ಸಾವಿರ ಉಂಡೆ

ಕ್ಲಿಫ್ ಸ್ವಾಲೋದ ಒಂದು ಗೂಡಿಗೆ 900ರಿಂದ 1,200 ಕೆಸರಿನ ಉಂಡೆಗಳು ಬೇಕು. ಒಂದು ಸಲಕ್ಕೆ ಕೊಕ್ಕಿನಲ್ಲಿ ತರಲಾಗುವುದು ಒಂದೇ ಉಂಡೆ. ಅಂದರೆ ಗಂಡುಹೆಣ್ಣು ಸೇರಿ ಸಾವಿರ ಬಾರಿ ಕೆಸರಿನ ಗುಂಡಿಗೂ ಗೋಡೆಗೂ ಓಡಾಡಬೇಕು. ಕೆಲಸ ಮುಗಿಯಲು ಸಾಮಾನ್ಯವಾಗಿ ಒಂದೆರಡು ವಾರ.

ಜಾಗ ಆರಿಸುವಾಗ ಅವು ನೋಡುವುದು ಮೂರು: ಮೇಲೆ ಮಳೆ ತಡೆಯುವ ಚಾಚು, ಹಿಂದೆ ಒರಟಾದ ನೆಟ್ಟನೆಯ ಗೋಡೆ, ಹತ್ತಿರದಲ್ಲೇ ಕೆಸರು. ಕೆಸರು ದೂರವಾದಷ್ಟೂ ಸಾವಿರ ಓಡಾಟದ ಖರ್ಚು ಏರುತ್ತದೆ. ಆದ್ದರಿಂದ ನದಿ, ಕೆರೆ, ಕಾಲುವೆಯ ಅಂಚು ಬಿಟ್ಟು ಇವು ಹೆಚ್ಚು ದೂರ ಹೋಗುವುದಿಲ್ಲ. ನೈಸರ್ಗಿಕವಾಗಿ ಈ ಮೂರೂ ಕೂಡಿ ಸಿಗುವುದು ನೀರಿನ ಪಕ್ಕದ ಬಂಡೆಗೋಡೆಯಲ್ಲಿ. ಮನುಷ್ಯ ಕಟ್ಟಿದ್ದರಲ್ಲಿ ಇದಕ್ಕೆ ಸರಿಯಾಗಿ ಹೊಂದುವುದು ಕಾಂಕ್ರೀಟ್ ಸೇತುವೆ.

ಕೆಸರು ಎತ್ತುವುದನ್ನು ಹತ್ತಿರದಿಂದ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹಕ್ಕಿ ನೆಲಕ್ಕಿಳಿದು ಕೊಕ್ಕು ಕೆಸರಿಗೆ ಒತ್ತುವಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ನೆಟ್ಟಗೆ ಎತ್ತಿ ಪಟಪಟ ನಡುಗಿಸುತ್ತಿರುತ್ತದೆ. ಹತ್ತಿಪ್ಪತ್ತು ಹಕ್ಕಿ ಒಂದೇ ಗುಂಡಿಯ ಸುತ್ತ ಹೀಗೆ ನಿಂತಿರುತ್ತವೆ. ರೆಕ್ಕೆ ಒದ್ದೆಯಾಗದಿರಲಿ ಎಂದು ಹೀಗೆ ಮಾಡುತ್ತವೆ ಎಂದು ತೋರುತ್ತದೆ. ಆದರೆ ಸಂಶೋಧಕರು ಕೊಡುವ ಕಾರಣ ಬೇರೆ. ಕೆಸರಿನ ಜಾಗದಲ್ಲಿ ಬೇರೆ ಗಂಡುಗಳು ಬೆನ್ನೇರಿ ಕೂಡಲು ನುಗ್ಗುತ್ತವೆ. ಮೇಲೆತ್ತಿ ಬಡಿಯುವ ರೆಕ್ಕೆ ಅದಕ್ಕೆ ಅಡ್ಡಿ.

ಗೋಡೆಗೆ ಬಂದ ಹಕ್ಕಿ ಉಂಡೆಯನ್ನು ಸುಮ್ಮನೆ ಇಡುವುದಿಲ್ಲ. ಕೊಕ್ಕನ್ನು ವೇಗವಾಗಿ ಅದುರಿಸುತ್ತ ಒತ್ತುತ್ತದೆ. ಅದುರಿದಾಗ ಒದ್ದೆ ಕೆಸರು ಕ್ಷಣ ಸಡಿಲವಾಗಿ ಪಕ್ಕದ ಉಂಡೆಗಳ ಸಂದಿಗೆ ಹರಿಯುತ್ತದೆ, ಗಾಳಿಯ ಗುಳ್ಳೆ ಹೊರಬೀಳುತ್ತದೆ. ಕಾಂಕ್ರೀಟ್ ಹಾಕುವಾಗ ವೈಬ್ರೇಟರ್ ಮಾಡುವ ಕೆಲಸ ಇದೇ. ಮೊದಲು ಗೋಡೆಯ ಮೇಲೆ ಅರ್ಧಚಂದ್ರದ ಒಂದು ಅಂಚು ಬರುತ್ತದೆ. ಹಕ್ಕಿ ಅದರ ಮೇಲೆ ಕೂತೇ ಮುಂದಿನ ಸಾಲು ಕಟ್ಟುತ್ತದೆ. ಬಟ್ಟಲು ಆಳವಾಗುತ್ತದೆ, ಪಕ್ಕಗಳು ಏರುತ್ತವೆ, ಮೇಲೆ ಚಾಚಿಗೆ ಸೇರುತ್ತವೆ, ಕೊನೆಗೆ ಬಾಯಿಯ ಕೊಳವೆ. ಹೊರಗಿನಿಂದ ಉಂಡೆಗಳು ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ, ಒಳಮೈ ನುಣುಪು. ಒಳಗೆ ಒಣಹುಲ್ಲು, ಗರಿಯ ಹಾಸು. ಬಾರ್ನ್ ಸ್ವಾಲೋ ಕೆಸರಿಗೆ ಹುಲ್ಲಿನ ಎಳೆ ಬೆರೆಸಿ ಕಟ್ಟುತ್ತದೆ. ಕ್ಲಿಫ್ ಸ್ವಾಲೋ ಗೋಡೆಯಲ್ಲಿ ಅಂಥ ನಾರು ಇರುವುದಿಲ್ಲ. ಆದ್ದರಿಂದ ಅದಕ್ಕೆ ಮಣ್ಣಿನ ಆಯ್ಕೆಯೇ ಮುಖ್ಯವಾಗುತ್ತದೆ. ಬರೀ ಜೇಡಿಯಾದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬರೀ ಮರಳಾದರೆ ಉದುರುತ್ತದೆ. ಎರಡೂ ಬೆರೆತದ್ದು ಬೇಕು.

ಅಂಟು ಎಲ್ಲಿಂದ ಬರುತ್ತದೆ? ಒದ್ದೆ ಇರುವವರೆಗೆ ಮಣ್ಣಿನ ಕಣಗಳ ನಡುವಿನ ನೀರೇ ಅವನ್ನು ಹಿಡಿದಿಡುತ್ತದೆ. ನೀರು ಆರಿದ ಮೇಲೆ ಬೇರೇನೋ ಬೇಕು. ದಕ್ಷಿಣ ಕೊರಿಯಾದ ಸಂಶೋಧಕರು 2021ರಲ್ಲಿ ಬಾರ್ನ್ ಸ್ವಾಲೋ ಗೂಡುಗಳ ಮೇಲೆ ಮಾಡಿದ ಅಧ್ಯಯನ ಅದು ಹಕ್ಕಿಯ ಜೊಲ್ಲು ಎಂದು ತೋರಿಸಿತು. ಜೊಲ್ಲಿನಲ್ಲಿರುವ ಮ್ಯೂಸಿನ್ ಎಂಬ ಅಂಟು ಪ್ರೋಟೀನ್ ಒಣಗಿದಾಗ ಕಣಕಣಗಳ ನಡುವೆ ಗಟ್ಟಿಯಾದ ಸೇತುವಾಗಿ ನಿಲ್ಲುತ್ತದೆ. ಆ ಫಲಿತಾಂಶ ಬಾರ್ನ್ ಸ್ವಾಲೋದ್ದು. ಪೆಟ್ರೋಕೆಲಿಡಾನ್ ಗೂಡನ್ನು ಅವರು ಅಳೆದಿಲ್ಲ ಎಂಬುದು ನೆನಪಿರಲಿ.

ಗೂಡು ಬೀಳುವುದು ಏಕೆ ಎಂಬುದಕ್ಕೆ ಕಾರಣಗಳು ಕೆಲವೇ. ಕೆಳಗಿನ ಸಾಲು ಒಣಗುವ ಮೊದಲೇ ಮೇಲೆ ಭಾರ ಹೇರಿದರೆ ಜಾರುತ್ತದೆ. ಇದನ್ನು ತಪ್ಪಿಸಲೆಂದೇ ಹಕ್ಕಿ ಒಂದಷ್ಟು ಕಟ್ಟಿ ನಿಲ್ಲಿಸುತ್ತದೆ, ಒಣಗಿದ ಮೇಲೆ ಮುಂದುವರಿಸುತ್ತದೆ. ದಿನಗಟ್ಟಲೆ ಜಡಿಮಳೆ ಹಿಡಿದು ಗಾಳಿಯಲ್ಲಿ ತೇವ ತುಂಬಿದರೆ ಒಣಗಿದ ಗೂಡೂ ಮೆತ್ತಗಾಗುತ್ತದೆ. ಸೇತುವೆಯ ಸಂದಿಯಿಂದ ನೀರು ಸೋರಿದರೆ ಆ ಸಾಲು ಉಳಿಯುವುದಿಲ್ಲ. ನುಣುಪು ಬಣ್ಣ ಬಳಿದ ಗೋಡೆಯಲ್ಲಿ ಮೊದಲ ಅಂಚೇ ಹಿಡಿತ ಸಿಗದೆ ಬೀಳುತ್ತದೆ. ಇನ್ನು ಗೋಡೆ ಹಂಚಿಕೊಂಡ ಗೂಡುಗಳಲ್ಲಿ ಒಂದು ಬಿದ್ದರೆ ಪಕ್ಕದ್ದನ್ನೂ ಎಳೆದುಕೊಂಡು ಬೀಳುವುದುಂಟು. ಹೀಗಿದ್ದೂ ಹಂಚಿಕೊಳ್ಳುವುದರಲ್ಲಿ ಲಾಭವಿದೆ: ನೆರೆಯ ಗೋಡೆ ಸಿಕ್ಕಿದಷ್ಟೂ ಉಂಡೆ ಉಳಿಯಿತು.

ಗುಂಪಿನ ಲಾಭ, ಗುಂಪಿನ ಬೆಲೆ

ಒಟ್ಟಿಗೆ ಇರುವುದರಿಂದ ಹಕ್ಕಿಗೆ ನಿಜಕ್ಕೂ ಏನು ಸಿಗುತ್ತದೆ ಎಂಬುದನ್ನು ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬಾಂಬರ್ಗರ್ ಬ್ರೌನ್ 1982ರಿಂದ ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ದಶಕಗಳ ಕಾಲ ಅಳೆದರು. ಅಲ್ಲಿನ ಗುಂಪುಗಳು ಒಂದೇ ಗಾತ್ರದವಲ್ಲ. ಎರಡು ಗೂಡಿನ ಗುಂಪೂ ಇದೆ, 6,000 ಗೂಡಿನದೂ ಇದೆ. ಆದ್ದರಿಂದ ಸಣ್ಣ ಗುಂಪಿನ ಹಕ್ಕಿಯನ್ನೂ ದೊಡ್ಡ ಗುಂಪಿನ ಹಕ್ಕಿಯನ್ನೂ ಹೋಲಿಸಿ ನೋಡಲು ಅವಕಾಶವಿತ್ತು.

ಮುಖ್ಯ ಲಾಭ ಆಹಾರದ ಸುದ್ದಿ. ಹಾರುವ ಕೀಟಗಳ ಹಿಂಡು ಒಂದೆಡೆ ನಿಲ್ಲುವುದಿಲ್ಲ. ಗಾಳಿ ಬದಲಾದಂತೆ ಜಾಗ ಬದಲಿಸುತ್ತದೆ, ಸ್ವಲ್ಪ ಹೊತ್ತಿಗೆ ಚದುರುತ್ತದೆ. ಬೇಟೆ ಸಿಗದೆ ಬಂದ ಹಕ್ಕಿ ಗೂಡಿನಲ್ಲಿ ಕಾದು, ಬಾಯಿತುಂಬ ಕೀಟ ತಂದು ಮರಿಗೆ ಉಣಿಸಿ ಮತ್ತೆ ಹೊರಟ ನೆರೆಯದರ ಹಿಂದೆ ಹಾರುತ್ತದೆ ಎಂದು ಚಾರ್ಲ್ಸ್ ಬ್ರೌನ್ 1986ರಲ್ಲಿ ತೋರಿಸಿದರು. ಇವತ್ತು ಹಿಂಬಾಲಿಸಿದ ಹಕ್ಕಿ ಮತ್ತೊಂದು ಹೊತ್ತಿನಲ್ಲಿ ತಾನೇ ದಾರಿ ತೋರುತ್ತದೆ. ಇಲ್ಲಿ ಕಲಿಸುವವರೂ ಇಲ್ಲ, ಕದಿಯುವವರೂ ಇಲ್ಲ. ಗೂಡುಗಳು ಹತ್ತಿರವಿರುವುದೇ ಸಾಕು. ಕೆಟ್ಟ ಹವೆಯಲ್ಲಿ ಕೀಟದ ಹಿಂಡು ಕಂಡ ಹಕ್ಕಿ ಒಂದು ವಿಶೇಷ ಕೂಗಿನಿಂದ ಇತರರನ್ನು ಕರೆಯುವುದೂ ಉಂಟು. ಹೆಚ್ಚು ಹಕ್ಕಿಗಳು ಕೂಡಿದರೆ ಹಿಂಡಿನ ಜಾಡು ತಪ್ಪುವುದಿಲ್ಲ ಎಂಬುದು ಅದರ ಲಾಭ.

ಬೆಲೆಯ ಮಾತಿಗೆ ಬಂದರೆ ಮೊದಲು ಬರುವುದು ತಿಗಣೆ. ನಮ್ಮ ಮಂಚದ ತಿಗಣೆಯ ಹತ್ತಿರದ ನಂಟ ಇದು. ಕ್ಲಿಫ್ ಸ್ವಾಲೋಗಳ ರಕ್ತವೇ ಇದರ ಮುಖ್ಯ ಆಹಾರ. ರೆಕ್ಕೆಯಿಲ್ಲ. ಹಗಲು ಗೂಡಿನ ಬಿರುಕಿನಲ್ಲಿರುತ್ತದೆ. ಹಕ್ಕಿಯ ಕಾಲು, ಗರಿಗೆ ಅಂಟಿಕೊಂಡು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಒಂದೇ ಗೂಡಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಿಗಣೆ ಸಿಕ್ಕಿದ್ದಿದೆ. ಖಾಲಿ ಗೂಡಿನಲ್ಲಿ ರಕ್ತವಿಲ್ಲದೆ ಎರಡು-ಮೂರು ವರ್ಷ ಬದುಕಿ ಕಾಯಬಲ್ಲದು.

ಬ್ರೌನ್ ದಂಪತಿ ಕೆಲವು ಗೂಡುಗಳಿಗೆ ಕೀಟನಾಶಕ ಸಿಂಪಡಿಸಿ, ಕೆಲವನ್ನು ಹಾಗೆಯೇ ಬಿಟ್ಟು ಮರಿಗಳನ್ನು ತೂಗಿದರು. ದೊಡ್ಡ ಗುಂಪುಗಳಲ್ಲಿ ತಿಗಣೆ ಹತ್ತಿದ ಮರಿ 3.4 ಗ್ರಾಮ್‌ವರೆಗೆ ಕಡಿಮೆ ತೂಗಿತು, ಮರಿಗಳ ಉಳಿವು ಅರ್ಧದವರೆಗೂ ಕುಸಿಯಿತು. ದೊಡ್ಡ ಹಕ್ಕಿಯೇ ಇಪ್ಪತ್ತು-ಇಪ್ಪತ್ತೈದು ಗ್ರಾಮ್ ಇರುವಾಗ 3.4 ಗ್ರಾಮ್ ಎಂದರೆ ಎಷ್ಟೆಂದು ಲೆಕ್ಕ ಹಾಕಿ. ಗುಂಪು ದೊಡ್ಡದಾದಷ್ಟೂ ಗೂಡೊಂದಕ್ಕೆ ತಿಗಣೆ ಹೆಚ್ಚು. ಒಂದು ಹಕ್ಕಿಗೆ ಆಹಾರದ ಸುದ್ದಿ ಸಿಗುವುದೂ ತಿಗಣೆ ಹತ್ತುವುದೂ ಒಂದೇ ಗೋಡೆಯಿಂದ ಎಂಬುದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಇದಕ್ಕೆ ಹಕ್ಕಿಯ ಉತ್ತರವೂ ಇದೆ. ವಲಸೆಯಿಂದ ಮರಳಿದಾಗ ಹಳೆಯ ಗೂಡಿನ ಬಾಯಿಯ ಮುಂದೆ ಗಾಳಿಯಲ್ಲಿ ನಿಂತು ಇಣುಕಿ ನೋಡುತ್ತವೆ. ಹಳೆಯ ಗೂಡು ಸಿಕ್ಕರೆ ಸಾವಿರ ಓಡಾಟ ಉಳಿಯುತ್ತದೆ, ಆದರೆ ಬಾಯಿಯಂಚಿನಲ್ಲಿ ತಿಗಣೆಗಳು ಕಾದಿದ್ದರೆ ಒಳಗೆ ಹೋಗುವುದಿಲ್ಲ. ಇಡೀ ಗುಂಪು ಆ ಸೇತುವೆಯನ್ನು ಬಿಟ್ಟು ಬೇರೆಡೆ ಹೋಗುವುದು ಸಾಮಾನ್ಯ. ಮರಿಗಳಿರುವಾಗಲೇ ಬಿಟ್ಟು ಹೋದದ್ದೂ ದಾಖಲಾಗಿದೆ. ಆದ್ದರಿಂದ ಒಂದು ವರ್ಷ ಗಿಜಿಗುಟ್ಟಿದ ಸೇತುವೆ ಮರುವರ್ಷ ಖಾಲಿಯಾದರೆ ಹಕ್ಕಿ ಅಳಿಯಿತು ಎಂದು ತೀರ್ಮಾನಿಸಬಾರದು. ಸುತ್ತಲಿನ ಸೇತುವೆಗಳನ್ನೂ ನೋಡಬೇಕು.

ಎರಡನೆಯ ಬೆಲೆ ಮೊಟ್ಟೆಯ ಮೋಸ. ನೆರೆಯ ಗೂಡು ಖಾಲಿಯಿರುವ ಹೊತ್ತು ನೋಡಿ ಹೆಣ್ಣು ಅಲ್ಲಿ ತನ್ನ ಒಂದು ಮೊಟ್ಟೆ ಇಟ್ಟು ಬರುತ್ತದೆ. ಅದಕ್ಕಿಂತ ಅಚ್ಚರಿಯದನ್ನು ಬ್ರೌನ್ ದಂಪತಿ 1988ರಲ್ಲಿ ವರದಿ ಮಾಡಿದರು: ತನ್ನ ಗೂಡಿನಲ್ಲಿ ಇಟ್ಟ ಮೊಟ್ಟೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿ ನೆರೆಯ ಗೂಡಿಗೆ ಸೇರಿಸುವುದು. ಗಿಡ್ಡ, ಮೆತ್ತನೆಯ ಕೊಕ್ಕಿನ ಹಕ್ಕಿಗೆ ಇದು ಸಣ್ಣ ಸಾಹಸವಲ್ಲ.

ಮೂರನೆಯ ತೊಡಕು ಮರಿಯನ್ನು ಗುರುತಿಸುವುದು. ಹಾರಲು ಕಲಿತ ನೂರಾರು ಮರಿಗಳು ಒಂದೇ ತಂತಿ, ಒಂದೇ ಮರದ ಮೇಲೆ ಸಾಲಾಗಿ ಕೂತಾಗ ತನ್ನದು ಯಾವುದು? ಕ್ಲಿಫ್ ಸ್ವಾಲೋ ಮರಿಗಳ ಕೂಗು ಒಂದರಿಂದ ಒಂದಕ್ಕೆ ಸ್ಪಷ್ಟವಾಗಿ ಬೇರೆ. ಒಂಟಿಯಾಗಿ ಅಥವಾ ಸಣ್ಣ ಗುಂಪಿನಲ್ಲಿರುವ ಬಾರ್ನ್ ಸ್ವಾಲೋ ಮರಿಗಳ ಕೂಗಿನಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಮೈಕೆಲ್ ಬೀಚರ್ ಮತ್ತು ಸಂಗಡಿಗರು ತೋರಿಸಿದ ಈ ವ್ಯತ್ಯಾಸ, ಜನಜಂಗುಳಿಯಲ್ಲಿ ಬಾಳುವ ಪ್ರಭೇದದ ದನಿಯೇ ಬೇರೆಯಾಗಿರುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

ಸೇತುವೆ, ವಾಹನ, ರೆಕ್ಕೆ

ಕಳೆದ ನೂರು ವರ್ಷಗಳಲ್ಲಿ ಈ ಕುಲದ ಹಕ್ಕಿಗಳು ಬಂಡೆ ಬಿಟ್ಟು ಕಾಂಕ್ರೀಟಿಗೆ ಬಂದಿವೆ. ಅಮೆರಿಕದ ಬಯಲುಸೀಮೆಯಲ್ಲಿ ಬಂಡೆಗೋಡೆ ಇಲ್ಲದ ಕಡೆಯೂ ಸೇತುವೆ, ಮೋರಿ ಬಂದಂತೆ ಕ್ಲಿಫ್ ಸ್ವಾಲೋ ಹರಡಿತು. ಒಂದು ಕಾಲಕ್ಕೆ ಕಾರ್ಲ್ಸ್‌ಬ್ಯಾಡ್ ಮುಂತಾದ ಗುಹೆಗಳಿಗೆ ಸೀಮಿತವಾಗಿದ್ದ ಕೇವ್ ಸ್ವಾಲೋ ಟೆಕ್ಸಸ್ಸಿನ ಹೆದ್ದಾರಿ ಮೋರಿಗಳನ್ನು ಹಿಡಿದು ನೂರಾರು ಮೈಲಿ ವಿಸ್ತರಿಸಿತು. ದಕ್ಷಿಣ ಆಫ್ರಿಕಾದಲ್ಲೂ ಇದೇ ಆಗಿದೆ.

ರಸ್ತೆ ಜಾಗವನ್ನೂ ಕೊಟ್ಟಿತು, ಸಾವನ್ನೂ ತಂದಿತು. ಬ್ರೌನ್ ದಂಪತಿ ಮೂವತ್ತು ವರ್ಷ ಅದೇ ರಸ್ತೆಗಳಲ್ಲಿ ಓಡಾಡುತ್ತ ವಾಹನಕ್ಕೆ ಸಿಕ್ಕಿ ಸತ್ತ ಹಕ್ಕಿಗಳನ್ನು ಎತ್ತಿಟ್ಟರು. 2013ರಲ್ಲಿ ಪ್ರಕಟವಾದ ಲೆಕ್ಕ ಇದು: ಹಕ್ಕಿಗಳ ಸಂಖ್ಯೆ ಏರಿದರೂ, ವಾಹನಗಳು ಕಡಿಮೆಯಾಗದಿದ್ದರೂ, ರಸ್ತೆಯಲ್ಲಿ ಸಾಯುವ ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಇಳಿದವು. ಸತ್ತವುಗಳ ರೆಕ್ಕೆ ಉಳಿದ ಹಕ್ಕಿಗಳ ರೆಕ್ಕೆಗಿಂತ ಉದ್ದವಿತ್ತು. ಇಡೀ ಗುಂಪಿನ ಸರಾಸರಿ ರೆಕ್ಕೆ ಗಿಡ್ಡವಾಗುತ್ತ ಬಂದಿತ್ತು. ಗಿಡ್ಡ ರೆಕ್ಕೆಯ ಹಕ್ಕಿ ಟಾರಿನ ಮೇಲಿಂದ ಥಟ್ಟನೆ ನೆಟ್ಟಗೆ ಏಳಬಲ್ಲದು, ತಿರುಗಬಲ್ಲದು. ಉದ್ದ ರೆಕ್ಕೆ ದೂರದ ಹಾರಾಟಕ್ಕೆ ಒಳ್ಳೆಯದು, ಲಾರಿ ಬಂದಾಗ ಅಲ್ಲ.

ಈ ಫಲಿತಾಂಶವನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ರೆಕ್ಕೆ ಗಿಡ್ಡವಾಗಲು ವಾಹನವೊಂದೇ ಕಾರಣವಲ್ಲ. 1996ರ ಮೇ ಕೊನೆಯಲ್ಲಿ ನೆಬ್ರಾಸ್ಕದಲ್ಲಿ ದಿನಗಟ್ಟಲೆ ಚಳಿ ಹಿಡಿದು, ಹಾರುವ ಕೀಟವೇ ಇಲ್ಲವಾಗಿ, ಅಧ್ಯಯನದ ಪ್ರದೇಶದ ಸುಮಾರು ಅರ್ಧದಷ್ಟು ಕ್ಲಿಫ್ ಸ್ವಾಲೋಗಳು ಸತ್ತವು. ಉಳಿದವು ದೊಡ್ಡ ಮೈಯ, ಗಿಡ್ಡ ರೆಕ್ಕೆಯ ಹಕ್ಕಿಗಳು. ರಸ್ತೆಯೂ ಚಳಿಯೂ ಒಂದೇ ದಿಕ್ಕಿಗೆ ಒತ್ತಿವೆ.

ಗೂಡು ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾನ್ ಹ್ವಾನ್ ಕಪಿಸ್ಟ್ರಾನೊ ಉದಾಹರಣೆ. ಅಲ್ಲಿನ ಹಳೆಯ ಕ್ರೈಸ್ತ ಮಿಷನ್ ಕಟ್ಟಡಕ್ಕೆ ಪ್ರತಿವರ್ಷ ಮಾರ್ಚ್ 19ರ ಹೊತ್ತಿಗೆ ಕ್ಲಿಫ್ ಸ್ವಾಲೋಗಳು ಮರಳುವುದು ಊರಿನ ಹಬ್ಬ. 1990ರ ದಶಕದ ದುರಸ್ತಿಯಲ್ಲಿ ಹಳೆಯ ಗೂಡುಗಳನ್ನು ತೆಗೆದರು. ಹಕ್ಕಿಗಳು ಮಿಷನ್ ಬಿಟ್ಟು ಸುತ್ತಲಿನ ಸೇತುವೆಗಳಿಗೆ ಹೋದವು. ಅವನ್ನು ಮರಳಿ ಕರೆಯಲು ಮುಂದೆ ಧ್ವನಿವರ್ಧಕದಲ್ಲಿ ಅವುಗಳ ಕೂಗು ಹಾಕಬೇಕಾಯಿತು, ಕೃತಕ ಗೂಡುಗಳನ್ನು ಕೂರಿಸಬೇಕಾಯಿತು. ಹಳೆಯ ಗೂಡಿನ ಗುರುತೂ ಗುಂಪನ್ನು ಸೆಳೆಯುತ್ತದೆ ಎಂದು ಇದರಿಂದ ತೋರುತ್ತದೆ.

ನಮ್ಮಲ್ಲಿ ಗುರುತಿಸುವುದು ಹೇಗೆ

ಪ್ರಾಣಿವಿಜ್ಞಾನಿ ಎಡ್ವರ್ಡ್ ಬ್ಲಿತ್ 1855ರಲ್ಲಿ ವಿವರಿಸಿದ ಗೆರೆಗೊರಳಿನ ಕವಲುತೋಕೆ 11-12 ಸೆಂಟಿಮೀಟರ್ ಉದ್ದದ ಸಣ್ಣ ಹಕ್ಕಿ. ನೆತ್ತಿ ಮಾಸಲು ಕೆಂಪು, ಬೆನ್ನು ಹೊಳಪು ನೀಲಿ, ಸೊಂಟ ಕಂದು. ಕೆಳಮೈ ಬಿಳಿಚು, ಗಂಟಲು, ಎದೆಯ ಮೇಲೆ ಕಪ್ಪು ಗೆರೆಗಳು. ಬಾಲದ ಕವಲು ಎಷ್ಟು ಸಣ್ಣದೆಂದರೆ ಹಾರುವಾಗ ಬಾಲ ಚೌಕವಾಗಿ ಕಾಣುತ್ತದೆ. ಹಾರಾಟ ಬಾರ್ನ್ ಸ್ವಾಲೋದಷ್ಟು ನೀಳವಲ್ಲ, ಪಟಪಟ ಹೆಚ್ಚು.

ಕರ್ನಾಟಕದಲ್ಲಿ ಇದನ್ನು ನಿಧಾನವಾಗಿ ನೋಡಲು ರಂಗನತಿಟ್ಟು ಒಳ್ಳೆಯ ಜಾಗ. ಕಾವೇರಿಯ ನಡುವಿನ ಬಂಡೆಗಳ ಚಾಚಿನಡಿ ಇವುಗಳ ಗೂಡುಗಳ ಗೊಂಚಲಿದೆ, ದೋಣಿ ಹತ್ತಿರದಲ್ಲೇ ಹಾದುಹೋಗುತ್ತದೆ. ಬಹುತೇಕರು ಕೊಕ್ಕರೆ, ಮೊಸಳೆ ನೋಡುತ್ತ ಇವನ್ನು ತಪ್ಪಿಸಿಕೊಳ್ಳುತ್ತಾರೆ. ಸೇತುವೆ ಬರುವ ಮೊದಲು ಈ ಹಕ್ಕಿ ಹೇಗೆ ಬಾಳುತ್ತಿತ್ತು ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಸೇತುವೆಯಡಿ ಬೇರೆಯವರ ಗೂಡುಗಳೂ ಇರುತ್ತವೆ. ಹಕ್ಕಿ ಕಾಣದಿದ್ದರೂ ಗೂಡಿನಿಂದಲೇ ಹೇಳಬಹುದು. ತೆರೆದ ಅರ್ಧಬಟ್ಟಲು, ಒಂಟಿ: ನೀರಿನ ಮೇಲಿದ್ದರೆ ತಂತಿಬಾಲದ ಕವಲುತೋಕೆ ಇರಬಹುದು, ಹಳೆಯ ಕಟ್ಟಡ, ಕೋಟೆಗೋಡೆಯಲ್ಲಾದರೆ ಪೂರ್ತಿ ಕಂದು ಬಣ್ಣದ ಡಸ್ಕಿ ಕ್ರ್ಯಾಗ್ ಮಾರ್ಟಿನ್. ಮುಚ್ಚಿದ ಹೊಟ್ಟೆ, ಉದ್ದ ಕೊಳವೆ, ಚಾವಣಿಗೆ ಅಂಟಿ ಒಂಟಿಯಾಗಿದ್ದರೆ ಕೆಂಪುಸೊಂಟದ ಕವಲುತೋಕೆ. ಗರಿ, ಹುಲ್ಲನ್ನು ಜೊಲ್ಲಿನಿಂದ ಅಂಟಿಸಿದ ಅಸ್ತವ್ಯಸ್ತ ಗೊಂಚಲು ಹೌಸ್ ಸ್ವಿಫ್ಟ್‌ನದು. ಅದು ಕವಲುತೋಕೆಯೇ ಅಲ್ಲ, ಬೇರೆ ಕುಟುಂಬ. ಕೆಸರುಗೂಡುಗಳು ಗೋಡೆಗೆ ಗೋಡೆ ಸೇರಿಸಿ ಹತ್ತಾರಿದ್ದರೆ ಮಾತ್ರ ಗೆರೆಗೊರಳಿನದು. ಅದರ ಬಾಯಿಂದ ಒಣಹುಲ್ಲು ಜೋತಾಡುತ್ತಿದ್ದರೆ ಗುಬ್ಬಚ್ಚಿ ಹೊಕ್ಕಿದೆ ಎಂದರ್ಥ. ಕೆಸರಿನ ಮನೆ ಕಸಿಯುವುದರಲ್ಲಿ ಗುಬ್ಬಚ್ಚಿ ಹಲವು ಖಂಡಗಳಲ್ಲಿ ಮುಂದು.

ಎಣಿಸುವವರು ಗೂಡಿನ ಸಂಖ್ಯೆಯನ್ನೇ ಜೋಡಿಯ ಸಂಖ್ಯೆ ಎಂದು ಬರೆಯಬಾರದು. ಅರ್ಧಕ್ಕೆ ಬಿಟ್ಟವು, ಹಳೆಯವು, ಗುಬ್ಬಚ್ಚಿ ಹಿಡಿದವು ಎಲ್ಲ ಸೇರಿರುತ್ತವೆ. ದೂರದಲ್ಲಿ ಕೂತು ಅರ್ಧ ಗಂಟೆ ನೋಡಿ, ಹಕ್ಕಿ ಹೊಕ್ಕು ಹೊರಟ ಬಾಯಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಟಾರ್ಚ್, ಫ್ಲ್ಯಾಶ್ ಬೇಡ. ಗೂಡಿನ ನೇರ ಕೆಳಗೆ ನಿಂತರೆ ಹಕ್ಕಿಗಳು ಒಳಹೋಗಲು ಹಿಂಜರಿಯುತ್ತವೆ, ಲೆಕ್ಕ ತಪ್ಪುತ್ತದೆ.

ಸೇತುವೆ ದುರಸ್ತಿ ಮಾಡುವವರಿಗೆ

ಬಣ್ಣ ಬಳಿಯುವಾಗ, ಬಿರುಕಿಗೆ ಸಿಮೆಂಟು ತುಂಬುವಾಗ ಗೂಡು ಕೆಡವುವುದು ಬಹುತೇಕ ತಿಳಿಯದೆ ನಡೆಯುವ ಕೆಲಸ. ಕೆಸರುಗೂಡಿನ ಭಾರ ಕಾಂಕ್ರೀಟ್ ತೊಲೆಗೆ ಲೆಕ್ಕಕ್ಕೇ ಬರುವುದಿಲ್ಲ. ಸೇತುವೆಗೆ ಅದರಿಂದ ಅಪಾಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ ಕೆಡಿಸುವುದನ್ನೂ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ.

ಕ್ಯಾಲೆಂಡರ್ ನೋಡಿ ಇಂಥ ತಿಂಗಳು ಸುರಕ್ಷಿತ ಎಂದು ಹೇಳಲಾಗದು. ಈ ಹಕ್ಕಿ ಮರಿ ಮಾಡುವ ಕಾಲ ನೀರು, ಕೆಸರು ಸಿಗುವುದನ್ನು ಅನುಸರಿಸಿ ಊರಿಂದೂರಿಗೆ ಬದಲಾಗುತ್ತದೆ, ವರ್ಷದಲ್ಲಿ ಎರಡು ಸಲವೂ ಆಗಬಹುದು. ಆದ್ದರಿಂದ ಅಟ್ಟಣಿಗೆ ಕಟ್ಟುವ ಮೊದಲು ಗೂಡನ್ನೇ ನೋಡಬೇಕು. ಬಾಯಿಯಂಚಿನಲ್ಲಿ ಬಣ್ಣ ಗಾಢವಾದ ಹಸಿ ಕೆಸರು ಇದ್ದರೆ ಕಟ್ಟುತ್ತಿವೆ. ಹಕ್ಕಿ ಹೊಕ್ಕು ಬಹಳ ಹೊತ್ತು ಹೊರಬಾರದಿದ್ದರೆ ಮೊಟ್ಟೆಯ ಮೇಲಿದೆ. ಕೆಳಗೆ ಹೊಸ ಹಿಕ್ಕೆ ಬಿದ್ದು, ಬಾಯಲ್ಲಿ ತಲೆಗಳು ಇಣುಕುತ್ತಿದ್ದರೆ ಮರಿಗಳಿವೆ. ಗೂಡುಗಳೆಲ್ಲ ಒಂದೇ ಹಂತದಲ್ಲಿ ಇರುವುದಿಲ್ಲವಾದ್ದರಿಂದ ಗೊಂಚಲಿನ ಒಂದು ತುದಿ ನೋಡಿ ತೀರ್ಮಾನಿಸಬೇಡಿ. ಹತ್ತಿರದ ನಂಟ ಕ್ಲಿಫ್ ಸ್ವಾಲೋದಲ್ಲಿ ಮೊಟ್ಟೆಗೆ ಕಾವು ಸುಮಾರು ಎರಡು ವಾರ, ಮರಿ ಹಾರಲು ಇನ್ನೂ ಮೂರು ವಾರ ದಾಟಬೇಕು. ಈ ಅಳತೆಯಲ್ಲಿ ನೋಡಿದರೆ ಕೆಲಸವನ್ನು ಆರೇಳು ವಾರ ಮುಂದೂಡಿದರೆ ಒಂದು ಸರದಿ ಮುಗಿಯುತ್ತದೆ. ಅಷ್ಟು ಕಾಯಲಾಗದ ಕೆಲಸವಾದರೆ ಗೂಡಿಲ್ಲದ ಅಂಕಣಗಳಿಂದ ಶುರುಮಾಡಿ, ಗೂಡಿರುವ ಅಂಕಣವನ್ನು ಕೊನೆಗೆ ಇಟ್ಟುಕೊಳ್ಳಬಹುದು. ಮುಗಿಸುವಾಗ ಆ ಮೂಲೆಗೆ ನುಣುಪು ಬಣ್ಣ ಹಚ್ಚದೆ ಕಾಂಕ್ರೀಟಿನ ಒರಟು ಮೈಯನ್ನು ಹಾಗೆಯೇ ಬಿಟ್ಟರೆ, ಮುಂದಿನ ಸಲದ ಮೊದಲ ಉಂಡೆಗೆ ಹಿಡಿತ ಸಿಗುತ್ತದೆ.